ಪೆಂಡಾಲು ಬೇಡ, ಓಣಿ ಸಾಕು: ವಿಜಯಪುರದ ಊಟದ ನಡಿಗೆ ಕುರಿತು ಬಹಿರಂಗ ಪತ್ರ

ವಿಜಯಪುರ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ ಹಾಗೂ ಮಹಾನಗರ ಪಾಲಿಕೆಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಪರ ಊರಿನಿಂದ ಬಂದವರು ಬೆಳಿಗ್ಗೆ ಗೋಳಗುಮ್ಮಟ ಹತ್ತಿ, ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ದಾರಿ ಹಿಡಿಯುತ್ತಾರೆ. ಊಟ ಹೆದ್ದಾರಿಯ ಢಾಬಾದಲ್ಲಿ. ಡೋಣಿ ನದಿಯ ಬಯಲನ್ನು ಕುರಿತು 'ಡೋಣಿ ಬೆಳೆದರೆ ಓಣೆಲ್ಲ ಜೋಳ' ಎನ್ನುವ ಸೀಮೆಗೆ ಬಂದು ಮೈದಾದ ತಂದೂರಿ ರೊಟ್ಟಿ ತಿಂದು ಹೋಗುವುದಕ್ಕಿಂತ ದೊಡ್ಡ ನಷ್ಟ ಪ್ರವಾಸಿಗನಿಗಿಲ್ಲ, ಊರಿಗೂ ಇಲ್ಲ. ಈ ಊರಲ್ಲಿ ಗೈಡ್ ಕೆಲಸ ಮಾಡುವವರು, ಖಾನಾವಳಿ ನಡೆಸುವವರು, ರೊಟ್ಟಿ ಬಡಿದು ಮಾರುವವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ಊಟವನ್ನೇ ಗುರಿಯಾಗಿಟ್ಟುಕೊಂಡ, ಗೈಡ್ ಜೊತೆಗಿನ ಒಂದು ನಡಿಗೆ ವಿಜಯಪುರದಲ್ಲಿ ನಡೆಯಬೇಕು. ಅದು ಹೇಗೆ ನಡೆದರೆ ಉಳಿಯುತ್ತದೆ, ಹೇಗೆ ನಡೆದರೆ ಮೂರೇ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇವೆ.

ಇಂಥ ಮಾತು ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಆಹಾರ ಮೇಳ. ಮೈದಾನ, ಪೆಂಡಾಲು, ಸಾಲುಸಾಲು ಮಳಿಗೆ, ಒಂದು ವೇದಿಕೆ, ಕಿವಿಗಡಚಿಕ್ಕುವ ಮೈಕು. ಅದು ಬೇಡ. ಜೋಳದ ರೊಟ್ಟಿ ಮೇಳಕ್ಕೆ ಒಗ್ಗುವ ಪದಾರ್ಥವಲ್ಲ. ಹಂಚಿನಿಂದ ಇಳಿದ ಬಿಸಿರೊಟ್ಟಿಗೆ ಮೆತ್ತಗಿನ ಆಯುಷ್ಯ ಐದಾರು ನಿಮಿಷ. ಆಮೇಲೆ ಅದು ಬಿರುಸಾಗುತ್ತದೆ, ಮುಚ್ಚಿಟ್ಟರೆ ಬೆವರಿ ನಾರಾಗುತ್ತದೆ. ಕೈ ಪಳಗಿದ ಹೆಣ್ಣುಮಗಳು ಒಂದು ಹಂಚಿನ ಮೇಲೆ ತಾಸಿಗೆ 25ರಿಂದ 30 ರೊಟ್ಟಿ ಮಾಡಿಯಾಳು. ಮಳಿಗೆ ಮುಂದೆ ಇನ್ನೂರು ಮಂದಿ ಸಾಲು ಹಚ್ಚಿದರೆ ಅವಳೇನು ಮಾಡಬೇಕು? ಹಿಂದಿನ ರಾತ್ರಿಯೇ ಬಡಿದು ಪೇರಿಸಿ ತರುತ್ತಾಳೆ. ತಿಂದವರು 'ಇಷ್ಟೇನಾ' ಎಂದು ಹೋಗುತ್ತಾರೆ. ಇದೇ ಲೆಕ್ಕವನ್ನು ತಿರುವಿ ಹಾಕಿ ನೋಡಿ: ಎಂಟು ಮಂದಿಗೆ ತಲಾ ಎರಡರಂತೆ 16 ರೊಟ್ಟಿ, ಒಂದೇ ಹಂಚು, ಅರ್ಧ ತಾಸಿನ ಮೇಲೆ ನಾಕು ನಿಮಿಷ. ನಡಿಗೆಯ ಗುಂಪು ಎಂಟಕ್ಕೆ ಮೀರಬಾರದು ಎನ್ನುವುದನ್ನು ಹಂಚೇ ನಿರ್ಧರಿಸಿದೆ, ನಾವಲ್ಲ.

ಇನ್ನೊಂದು ಆಮಿಷ ಬಂದರು ಪಟ್ಟಣಗಳ ನಡಿಗೆಯನ್ನು ಇದ್ದಂತೆಯೇ ಎತ್ತಿ ತರುವುದು. ಫೋರ್ಟ್ ಕೊಚ್ಚಿ, ಪಣಜಿ, ನಮ್ಮದೇ ಮಂಗಳೂರಿನ ಬಂದರು ಪ್ರದೇಶ: ಅಲ್ಲೆಲ್ಲ ಮೀನಿನ ದಕ್ಕೆ, ಮಸಾಲೆ ಮಂಡಿ, ಬೇಕರಿ, ಇಗರ್ಜಿ, ಮಸೀದಿ ಎಲ್ಲವೂ ಒಂದಕ್ಕೊಂದು ಹತ್ತಿರ. ಬೆಳಗಿನ ಜಾವ ದೋಣಿ ಬರುವ ಹೊತ್ತಿಗೆ ಶುರುಮಾಡಿದರೆ ಬಿಸಿಲೇರುವ ಮುಂಚೆ ಮುಗಿಯುತ್ತದೆ, ಇಲ್ಲವೇ ಸಂಜೆ ಕಡಲಗಾಳಿಯಲ್ಲಿ ಸುತ್ತಬಹುದು. ನಮ್ಮಲ್ಲಿ ಊರು ಹರಡಿಕೊಂಡಿದೆ, ಗಾಳಿ ಒಣಗಾಳಿ, ಏಪ್ರಿಲ್‌–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಖಾನಾವಳಿಯ ಒಲೆ ನಿಜವಾಗಿ ಬಿಸಿಯಾಗುವುದೇ ಹನ್ನೊಂದರ ಮೇಲೆ. ಬಂದರಿನ ವೇಳಾಪಟ್ಟಿ ಇಲ್ಲಿಗೆ ಹೊಂದುವುದಿಲ್ಲ.

ಆದರೆ ಬಂದರಿನ ಕಥೆ ಮಾತ್ರ ಇಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ. 1490ರ ಸುಮಾರಿಗೆ ಶುರುವಾದ ಆದಿಲ್‌ಶಾಹಿಯ ಕೈಯಲ್ಲಿ ಗೋವೆ ಇತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಕಿತ್ತುಕೊಂಡರು. ಹಡಗಿನಲ್ಲಿ ಬಂದ ಬೀಜ, ಬಳ್ಳಿ, ರುಚಿ ಘಟ್ಟ ಹತ್ತಿ ಈ ಬಯಲಿಗೆ ಬಂದವು. ಹಸಿಮೆಣಸಿನಕಾಯಿ, ಶೇಂಗಾ, ಬಟಾಟೆ, ಟೊಮೆಟೊ ಎಲ್ಲವೂ ಅಮೆರಿಕ ಖಂಡದವು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಇಲ್ಲಿಗೆ ಬಂದಿದ್ದ ಅಸದ್ ಬೇಗ್ ತಾನು ಎಲ್ಲೂ ಕಾಣದಿದ್ದ ತಂಬಾಕನ್ನು ಇದೇ ಊರಲ್ಲಿ ಕಂಡು, ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಕಡಲು ಕಾಣದ ಊರಾದರೂ ಕಡಲಾಚೆಯದು ದಿಲ್ಲಿ-ಆಗ್ರಾಗಳಿಗಿಂತ ಮೊದಲು ತಲುಪುತ್ತಿದ್ದ ಊರು ಇದು.

ಆದ್ದರಿಂದ ಗೈಡುಗಳಿಗೆ ಮೊದಲು ಬಿಡಿಸಬೇಕಾದ ಚಟ ಒಂದಿದೆ. ಮಿರ್ಚಿ ಭಜಿ ತೋರಿಸಿ 'ಇದು ಯೂಸುಫ್ ಆದಿಲ್‌ಶಹನ ಕಾಲದ್ದು' ಎನ್ನುವುದು. ಆದಿಲ್‌ಶಾಹಿಯನ್ನು ಸ್ಥಾಪಿಸಿದ ಈ ಯೂಸುಫ್ ತೀರಿಕೊಂಡದ್ದು 1510ರಲ್ಲಿ. ಅವನ ತಾಟಿನಲ್ಲಿ ಮೆಣಸಿನಕಾಯಿ ಇರಲಿಲ್ಲ. ಶೇಂಗಾ ಈ ಸೀಮೆಯ ಹೊಲ ತುಂಬಿದ್ದಂತೂ ಇನ್ನೂ ಎಷ್ಟೋ ಈಚೆಗೆ. ನಮ್ಮ ಸಲಹೆ ಏನೆಂದರೆ, ಒಂದು ನಿಲುಗಡೆಯಲ್ಲಿ ಎರಡು ತಾಟು ಇಡಿ. ಮೊದಲನೆಯದರಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಎಳ್ಳು, ಬೆಲ್ಲ, ಮೊಸರು, ಖಾರಕ್ಕೆ ಕರಿಮೆಣಸು-ಶುಂಠಿ ಹಾಕಿ ಮಾಡಿದ ಬದನೆಕಾಯಿ. ಎರಡನೆಯದರಲ್ಲಿ ಇವತ್ತಿನ ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿಮೆಣಸಿನಕಾಯಿಯ ಖಾರ. ಎರಡೂ ಒಂದೊಂದು ತುತ್ತು ತಿಂದವರಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ದಾರಿ ಹೀಗಿರಲಿ. ಬೆಳಿಗ್ಗೆ ಎಂಟೂವರೆಗೆ ಜುಮ್ಮಾ ಮಸೀದಿಯ ಎದುರು ಕೂಡುವುದು. ಅಲ್ಲಿಂದ ಮೆಹತರ್ ಮಹಲ್‌ನ ಕಲ್ಲಿನ ಕುಸುರಿ ನೋಡುತ್ತ ಅಸಾರ್ ಮಹಲ್, ಅರಕಿಲ್ಲೆಯ ಗಗನ ಮಹಲ್, ಮುಗಿಯದೇ ನಿಂತ ಬಾರಾ ಕಮಾನ್. ಆಮೇಲೆ ಗಾಂಧಿ ಚೌಕ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ, ಕೊನೆಗೆ ಅಲ್ಲೇ ಹತ್ತಿರದ ಒಂದು ಖಾನಾವಳಿ. ಒಟ್ಟು ಸುಮಾರು ಮೂರು ಕಿಲೋಮೀಟರ್, ಮುಗಿಯುವಾಗ ಹನ್ನೆರಡೂಕಾಲು. ತಾಜ್ ಬಾವಡಿ, ಇಬ್ರಾಹಿಂ ರೋಜಾ ಎರಡೂ ಪಶ್ಚಿಮದ ತುದಿಗೆ. ಅವನ್ನು ಸೇರಿಸಲು ಹೋದರೆ ನಡಿಗೆ ಆಟೋ ಸವಾರಿಯಾಗುತ್ತದೆ. ಶುಕ್ರವಾರ ಜುಮ್ಮಾ ನಮಾಜಿನ ದಿನ, ಅಂದು ನಡಿಗೆ ಬೇಡ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಶನಿವಾರ, ರವಿವಾರ ಮಾತ್ರ ಸಾಕು. ಆ ಐದು ತಿಂಗಳು ಬಿಸಿಲು ತಡೆಯುವಂತಿರುತ್ತದೆ ಎನ್ನುವುದು ಒಂದು ಕಾರಣ. ಹಸಿಕಡ್ಲಿ, ಸೀತನಿ (ಸುಟ್ಟ ಎಳೆ ಜೋಳ), ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ, ಸಂಕ್ರಮಣದ ಸಜ್ಜಿ ರೊಟ್ಟಿ, ಸಿದ್ದೇಶ್ವರ ಜಾತ್ರೆ, ಕಡೆಗೆ ದ್ರಾಕ್ಷಿ ಎಲ್ಲವೂ ಈ ಅವಧಿಯೊಳಗೇ ಅಥವಾ ಅದರ ಅಂಚಿಗೇ ಬರುತ್ತವೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಮಾಂಸದೂಟ ಬೇಕೆನ್ನುವವರಿಗೆ ತಹರಿ, ದಾಲ್ಚಾ, ಕಬಾಬಿನ ಸಂಜೆ ನಡಿಗೆ ಬೇರೆಯೇ ಆಗಬೇಕು. ಎರಡನ್ನೂ ಕಲೆಸಿದರೆ ಎರಡು ಕಡೆಯವರಿಗೂ ಮುಜುಗರ.

ತಿನ್ನಿಸುವ ಕ್ರಮದಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ಸಾಮಾನ್ಯವಾಗಿ ಆಗುವ ತಪ್ಪು ಮೊದಲಿಗೇ ಬಿಸಿಬಿಸಿ ಭಜಿ ಕೊಡುವುದು. ಎರಡು ಭಜಿ ಹೊಟ್ಟೆಗೆ ಬಿದ್ದರೆ ಖಾರಕ್ಕೆ ನಾಲಿಗೆ ಸತ್ತು, ಹಿಟ್ಟಿಗೆ ಹೊಟ್ಟೆ ಉಬ್ಬಿ, ಖಾನಾವಳಿಗೆ ಬರುವಷ್ಟರಲ್ಲಿ ಜನ 'ನಮಗೆ ಸಾಕು' ಎನ್ನುತ್ತಾರೆ. ಒಂದು ನಿಲುಗಡೆಗೆ 60ರಿಂದ 80 ಗ್ರಾಂ, ಊಟ ಬಿಟ್ಟು ಐದು ನಿಲುಗಡೆ. ಭಜಿ ಹತ್ತೂವರೆಯ ಮೇಲೆ, ಅದೂ ಇಬ್ಬರಿಗೆ ಒಂದು.

ಶುರು ಸುಸಲಾದಿಂದ ಆಗಲಿ, ಅರ್ಧ ಪ್ಲೇಟು, ಜೊತೆಗೆ ಅರ್ಧ ಕಪ್ ಚಾ. ಸುಸಲಾ ಮಾಡುವುದನ್ನು ನಿಂತು ನೋಡುವಂತಿರಬೇಕು, ಏಕೆಂದರೆ ಇದರ ಗುಟ್ಟೆಲ್ಲ ಅರ್ಧ ನಿಮಿಷದಲ್ಲಿದೆ. ಚುರುಮುರಿಯನ್ನು ನೀರಿಗೆ ಹಾಕಿ ಒಮ್ಮೆ ಕೈಯಾಡಿಸಿದ್ದೇ ಹಿಂಡಿ ತೆಗೆಯಬೇಕು. ಚಾ ಕೊಡುತ್ತ ಅತ್ತಿತ್ತ ನೋಡಿದರೆ ಮುದ್ದೆ. ಸಾಸಿವೆ, ಜೀರಿಗೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಅದನ್ನು ಸೇರಿಸಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸುವುದು ಉಳಿದ ನೀರನ್ನು ಹೀರಲಿ ಎಂದೇ. ಹಿಟ್ಟು ಮೊದಲೇ ಬಿದ್ದರೆ ಗಂಟು ಕಟ್ಟುತ್ತದೆ.

ಮಾರುಕಟ್ಟೆಯಲ್ಲಿ ಹಿಂಡಿಯ ನಿಲುಗಡೆ. ಶೇಂಗಾ, ಅಗಸಿ, ಗುರೆಳ್ಳು ಮೂರನ್ನೂ ಕಡಕ್ ರೊಟ್ಟಿಯ ಚೂರಿನ ಮೇಲೆ ಚಿಟಿಕೆ ಚಿಟಿಕೆ. ಒರಳಲ್ಲಿ ಕುಟ್ಟಿದ ಶೇಂಗಾ ಹಿಂಡಿಗೂ ಮಿಕ್ಸರಿನದಕ್ಕೂ ವ್ಯತ್ಯಾಸ ತೋರಿಸಬೇಕು: ಮಿಕ್ಸರನ್ನು ಬಿಟ್ಟೂಬಿಡದೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಅಂಟಾಗುತ್ತದೆ, ಕುಟ್ಟಿದ್ದು ತರಿತರಿಯಾಗಿ ಉಳಿದು ಬೆಳ್ಳುಳ್ಳಿಯ ವಾಸನೆ ಹಿಡಿದುಕೊಳ್ಳುತ್ತದೆ. ಒಯ್ಯುವವರಿಗೆ ಕಾಲು ಕಿಲೋಕ್ಕಿಂತ ಹೆಚ್ಚು ಮಾರಬೇಡಿ. ಒಂದೂವರೆ ತಿಂಗಳಾದರೆ ಶೇಂಗಾದ ಎಣ್ಣೆ ಕಮಟು ಹಿಡಿಯುತ್ತದೆ, ಅಗಸಿಯದು ಅದಕ್ಕೂ ಮುಂಚೆ. ಅದೇ ಸಾಲಿನಲ್ಲಿ ಒಣದ್ರಾಕ್ಷಿ. ಹಸಿರು ಬಣ್ಣದ್ದು ನೆರಳಿನ ಶೆಡ್ಡಿನಲ್ಲಿ, ಬಲೆಯ ಮೇಲೆ ಎರಡು-ಮೂರು ವಾರ ಒಣಗಿದ್ದು. ಗೊಂಚಲನ್ನು ಮೊದಲು ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ನೀರು ಬೇಗ ಆರುತ್ತದೆ. ಬಂಗಾರದಂಥ ಹಳದಿ ಬಣ್ಣ ಗಂಧಕದ ಹೊಗೆಯಿಂದ ಬರುವುದು. ಅಸ್ತಮಾ ಇರುವವರಿಗೆ ಅದು ಆಗಿಬರದಿರಬಹುದು ಎನ್ನುವುದನ್ನು ಗೈಡ್ ಹೇಳಬೇಕು. ನಮ್ಮ ಇಂಡಿ ತಾಲ್ಲೂಕಿನ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಂದು ಲೋಟ ಲಿಂಬು ಶರಬತ್ತು ಇಲ್ಲೇ ಆಗಿಬಿಡಲಿ.

ಇನ್ನು ರೊಟ್ಟಿ. ಖಾನಾವಳಿಗೆ ಹನ್ನೊಂದೂಕಾಲಿಗೆ ಮುಟ್ಟಬೇಕು. ಹಿಟ್ಟು ಎರಡು-ಮೂರು ದಿನದೊಳಗೆ ಬೀಸಿದ್ದಿರಬೇಕು. ಜೋಳದಲ್ಲಿ ಗೋಧಿಯ ಗ್ಲುಟನ್ ಇಲ್ಲ, ಹಿಡಿದಿಡುವ ಜಿಗಿ ಬರುವುದು ಕುದಿಯುವ ಎಸರಿನಿಂದ. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ದರೆ ಪಿಷ್ಟ ಬೆಂದು ಅಂಟಾಗುತ್ತದೆ. ಎಸರು ಆರಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹಿಟ್ಟು ಹಳೆಯದಾಗಿದ್ದರೆ ಎಸರು ಎಷ್ಟೇ ಕುದಿದರೂ ಸೀಳುತ್ತದೆ. ನಾದುವುದು ಒಂದು ರೊಟ್ಟಿಗೆ ಬೇಕಾದಷ್ಟನ್ನೇ, ಆಗಿಂದಾಗ್ಗೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಹಚ್ಚುತ್ತಾರೆ. ಒಣ ಹಿಟ್ಟು ತೊಳೆದು ಹೋಗಲಿ, ಮೇಲಿನ ಪದರ ಮುಚ್ಚಿಕೊಳ್ಳಲಿ ಎಂದು. ನೀರು ಆರುವ ಗಳಿಗೆ ನೋಡಿ ತಿರುವಬೇಕು: ಬೇಗ ತಿರುವಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಬಿರುಕು ಬಿಟ್ಟು ಉಬ್ಬುವುದಿಲ್ಲ. ಒಂದು ಕಿಲೋ ಹಿಟ್ಟಿಗೆ 12ರಿಂದ 15 ರೊಟ್ಟಿ. ಅತಿಥಿಗಳಿಗೂ ಒಂದೊಂದು ಉಂಡೆ ಬಡಿಯಲು ಕೊಡಿ, ಆದರೆ ಅವು ಬೇರೆ ಹಂಚಿನ ಮೇಲೆ ಬೇಯಲಿ. ಇಲ್ಲದಿದ್ದರೆ ಊಟದ ಸಾಲು ನಿಂತೇ ಹೋಗುತ್ತದೆ.

ಒಲೆಯ ಮುಂದೆ ಕೂತವರು ಪ್ರದರ್ಶನದ ಗೊಂಬೆಗಳಲ್ಲ. ಚಪ್ಪಲಿ ಹೊರಗೆ. 'ಅಕ್ಕಾರ, ಒಂದ್ ಫೋಟೊ ತಗೋಬಹುದೇನ್ರಿ?' ಎಂದು ಗೈಡ್ ಮೊದಲು ಕೇಳಬೇಕು, ಬೇಡವೆಂದರೆ ಬೇಡ.

ತಾಟಿನಲ್ಲಿ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಮಡಕಿಕಾಳು, ಪುಂಡಿಪಲ್ಯ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ-ಸಾರು, ಕಾಲು ಶೇಂಗಾ ಹೋಳಿಗೆ. ಹೆಚ್ಚಿನ ವಿವರಣೆ ಇಲ್ಲಿ ಬೇಡ, ಉಣ್ಣುವವರನ್ನು ಉಣ್ಣಲು ಬಿಟ್ಟರೆ ಆಯಿತು.

ಸುರಕ್ಷತೆಯ ವಿಷಯ ಮಾತ್ರ ಬಾಯಿಮಾತಿನಲ್ಲಿ ಮುಗಿಯಬಾರದು. ಬಂದರು ಪಟ್ಟಣದ ನಡಿಗೆಯಲ್ಲಿ ಮೀನು, ಸೀಗಡಿ ಆಗುತ್ತದೆಯೇ ಎಂದು ಕೇಳುತ್ತಾರೆ. ನಮ್ಮಲ್ಲಿ ಕೇಳಬೇಕಾದದ್ದು ಶೇಂಗಾ. ಹಿಂಡಿಯಲ್ಲಿ ಶೇಂಗಾ, ಎಣ್ಣೆಗಾಯಿಯ ಹೂರಣದಲ್ಲಿ ಶೇಂಗಾ, ಹೋಳಿಗೆಯಲ್ಲಿ ಶೇಂಗಾ, ಒಗ್ಗರಣೆಯ ಎಣ್ಣೆಯೂ ಹಲವು ಕಡೆ ಶೇಂಗಾದ್ದೇ. ಶೇಂಗಾ ಅಲರ್ಜಿ ತೀವ್ರವಾಗಿದ್ದವರಿಗೆ ಒಂದು ಚಮಚ ಹಿಂಡಿಯಿಂದ ಉಸಿರು ಕಟ್ಟಬಹುದು. ಅಂಥವರಿಗೆ ಈ ನಡಿಗೆ ಬೇಡವೆಂದು ನೇರವಾಗಿ ಹೇಳಿ. 'ನಿಮ್ಮದನ್ನು ಬೇರೆ ಮಾಡಿಸುತ್ತೇವೆ' ಎಂಬ ಭರವಸೆಯನ್ನು ಒಂದೇ ಒರಳಿರುವ ಅಡುಗೆಮನೆ ಉಳಿಸಿಕೊಳ್ಳಲಾರದು. ಗ್ಲುಟನ್ ಆಗದವರು ಜೋಳದ ರೊಟ್ಟಿ ಎಂದು ಖುಷಿಯಿಂದ ಬರುತ್ತಾರೆ. ಅವರಿಗಾಗಿ ಎರಡು ಪ್ರಶ್ನೆ ಖಾನಾವಳಿಗೆ ಕೇಳಬೇಕು: ಅದೇ ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ಜೋಳ ಬೀಸಿದ್ದಾರೆಯೇ, ಸಾರಿಗೆ ಯಾವ ಇಂಗು ಹಾಕಿದ್ದಾರೆ? ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ.

ಹೊಟ್ಟೆ ಕೆಟ್ಟರೆ ಜನ ರೊಟ್ಟಿಯನ್ನು ಬೈಯುತ್ತಾರೆ, ಆದರೆ ತಪ್ಪು ಬಹುಪಾಲು ನೀರಿನದು: ಮಜ್ಜಿಗೆಗೆ ಬೆರೆಸಿದ ನೀರು, ಶರಬತ್ತಿನ ಐಸು, ಹಸಿ ಸೊಪ್ಪು ತೊಳೆದ ನೀರು. ಮೂರಕ್ಕೂ ಕುದಿಸಿ ಆರಿಸಿದ ಇಲ್ಲವೇ ಶುದ್ಧೀಕರಿಸಿದ ನೀರು, ಐಸು ಪೂರ್ತಿ ಬಂದ್. ಕೈಯಲ್ಲಿ ಉಣ್ಣುವ ಊಟ, ಆದ್ದರಿಂದ ಪ್ರತಿ ನಿಲುಗಡೆಯಲ್ಲಿ ಸೋಪು-ನೀರು. 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ತಂದು, ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಗೋಪುರ ನಿಲ್ಲಿಸಿದ ಊರು ಇದು; ಎಂಟು ಮಂದಿಗೆ ಕೈ ತೊಳೆಯಲು ನೀರಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಸ್ಮಾರಕದ ಒಳಗೆ ತಿಂಡಿ ಹಂಚುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. 1959ರ ಪ್ರಾಚೀನ ಸ್ಮಾರಕಗಳ ನಿಯಮಗಳ ಪ್ರಕಾರ ಅನುಮತಿಸಿದ ಜಾಗ ಬಿಟ್ಟು ಬೇರೆಡೆ ಅಲ್ಲಿ ಅಡುಗೆ ಮಾಡುವಂತಿಲ್ಲ, ತಿನ್ನುವಂತಿಲ್ಲ. 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಕೈ ಹಾಕುವಂತಿಲ್ಲ, ಎರಡನೆಯದರಲ್ಲಿ ಅನುಮತಿ ಬೇಕು. ಗುಮ್ಮಟದ ಪಕ್ಕ ಫುಡ್ ಕೋರ್ಟ್ ಕನಸು ಇಲ್ಲಿಗೇ ನಿಂತಿತು. ನೋಡುವುದು ಸ್ಮಾರಕದೊಳಗೆ, ತಿನ್ನುವುದು ಓಣಿಯೊಳಗೆ.

ಹಣದ ಲೆಕ್ಕ. ಒಬ್ಬರಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. ಎಂಟು ಮಂದಿಗೆ 7,200. ಇದರಲ್ಲಿ ಗೈಡಿಗೆ 2,000, ಹಿಂದಿನಿಂದ ಬರುವ ಸಹಾಯಕರಿಗೆ 800, ತಿಂಡಿ-ಊಟಕ್ಕೆ ತಲಾ 300ರಂತೆ 2,400, ರೊಟ್ಟಿ ಬಡಿದು ತೋರಿಸುವವರಿಗೆ ಊಟದ ಬಿಲ್ಲಿನ ಹೊರತಾಗಿ 600, ನೀರು, ಪತ್ರಾವಳಿ, ಸೋಪು ಇತ್ಯಾದಿಗೆ 700 (ಮಂದಿ ಕಡಿಮೆಯಾದರೆ ಇದು ತಲಾ 50ರಂತೆ ಇಳಿಯುತ್ತದೆ). ಉಳಿಯುವುದು 700. ಆರೇ ಮಂದಿ ಬಂದರೆ 400 ರೂಪಾಯಿ ಕೈಯಿಂದ ಹೋಗುತ್ತದೆ, ನಾಲ್ಕೇ ಮಂದಿ ಬಂದರೆ 1,500. ನಷ್ಟವಾದ ದಿನ ಮೊದಲು ಕತ್ತರಿ ಬೀಳುವುದು ರೊಟ್ಟಿಯವರ 600ಕ್ಕೆ, ಆಮೇಲೆ ಗೈಡ್ ಅಂಗಡಿಯವರ ಹತ್ತಿರ ಕಮಿಷನ್ ಕೇಳಲು ಶುರುಮಾಡುತ್ತಾನೆ, ಆಮೇಲೆ ಒಳ್ಳೆಯ ಅಂಗಡಿ ಬಿಟ್ಟು ಕಮಿಷನ್ ಕೊಡುವ ಅಂಗಡಿಗೆ ಜನರನ್ನು ಒಯ್ಯುತ್ತಾನೆ. ನಡಿಗೆ ಸಾಯುವ ದಾರಿ ಇದು. ಐದು ತಿಂಗಳ ಶನಿವಾರ-ರವಿವಾರ ಸೇರಿ 43 ನಡಿಗೆ. ಪ್ರತಿಯೊಂದಕ್ಕೂ ನಾಲ್ಕೇ ಮಂದಿ ಬಂದರೂ ಒಟ್ಟು ಕೊರತೆ 64,500 ರೂಪಾಯಿ. ಮೊದಲ ವರ್ಷ ಇಲಾಖೆ ಈ ಕೊರತೆಯನ್ನಷ್ಟೇ ತುಂಬಿಕೊಡಲಿ. ಒಂದು ಮೇಳದ ಪೆಂಡಾಲಿನ ಬಾಡಿಗೆ ಇದಕ್ಕಿಂತ ಹೆಚ್ಚಾದೀತು.

ಪಾಲಿಕೆಯಿಂದ ಬೇಕಾದದ್ದು ಎರಡು. ಗಾಂಧಿ ಚೌಕದ ಆಸುಪಾಸಿನಲ್ಲಿ, ದಾರಿಯ ನಡುವೆ ಇನ್ನೊಂದು ಕಡೆ, ಹೆಣ್ಣುಮಕ್ಕಳು ಹಿಂಜರಿಯದೆ ಹೋಗುವಂಥ ಶೌಚಾಲಯ ಬೆಳಿಗ್ಗೆ ಎಂಟರಿಂದಲೇ ತೆರೆದಿರಬೇಕು, ಒಳಗೆ ನೀರು, ಬಾಗಿಲಿಗೆ ಚಿಲಕ ಇರಬೇಕು. ಮೂರೂಮುಕ್ಕಾಲು ತಾಸಿನ ನಡಿಗೆಯಲ್ಲಿ ಇದಿಲ್ಲದಿದ್ದರೆ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ, ಬಿಸಿಲಿಗೆ ತಲೆ ಸುತ್ತಿ ಕೂರುತ್ತಾರೆ. ಎರಡನೆಯದು, ನಡಿಗೆಯ ದಾರಿಯ ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪ್ರಮಾಣಪತ್ರ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು ಎಂದು ಕಾಯ್ದೆಯೇ ಹೇಳುತ್ತದೆ. ದಾರಿಯನ್ನು ಅಂತಿಮಗೊಳಿಸುವ ಮುಂಚೆ ಆ ಸಮಿತಿಯ ಮುಂದಿಡಿ. ಪ್ರವಾಸಿಗರಿಗೆ ಚೆಂದ ಕಾಣಲೆಂದು ಗಾಡಿಗಳನ್ನು ಒಂದೆಡೆ ಒಟ್ಟಿ ಬಣ್ಣದ ಛತ್ರಿ ಕೊಡುವುದು ಬೇಡ. ಸುಸಲಾದವನ ಗಿರಾಕಿ ಆ ಮೂಲೆಯ ಹಮಾಲರು, ಪ್ರವಾಸಿಗಳಲ್ಲ.

ನಡಿಗೆ ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ, ಆಮೇಲೆ ದಖನಿ-ಹಿಂದಿ, ಮರಾಠಿ, ಇಂಗ್ಲಿಷ್. ಸೊಲ್ಲಾಪುರ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು, ಮರಾಠಿ ಬಲ್ಲ ಗೈಡಿಗೆ ಕೆಲಸ ತಪ್ಪದು.

ಮೊದಲ ಗುಂಪು ನಿಮ್ಮದೇ ಆಗಲಿ ಎಂಬುದು ನಮ್ಮ ಅಪೇಕ್ಷೆ. ಮೂರೂ ಕಚೇರಿಯಿಂದ ಸೇರಿ ಎಂಟು ಮಂದಿ ಬನ್ನಿ, ತಲಾ 900 ಕೊಟ್ಟೇ ಬನ್ನಿ, ಪುಕ್ಕಟೆ ಉಂಡವರಿಗೆ ಕೊರತೆ ಕಾಣಿಸುವುದಿಲ್ಲ. ಜೀಪು ಬೇಡ, ಹಾರ-ತುರಾಯಿ ಬೇಡ. ಬೆಳಿಗ್ಗೆ ಮನೆಯಲ್ಲಿ ನಾಷ್ಟಾ ಮಾಡಬೇಡಿ. ಶೇಂಗಾ ಆಗದವರಿದ್ದರೆ ಹಿಂದಿನ ಸಂಜೆ ಆರರೊಳಗೆ ತಿಳಿಸಿ, ಬರುವುದು ರದ್ದಾದರೂ ಆರರೊಳಗೇ ತಿಳಿಸಿ. ಆಮೇಲೆ ಜೋಳ ಗಿರಣಿಗೆ ಹೋಗಿರುತ್ತದೆ, ರೊಟ್ಟಿಯವರ ಅರ್ಧ ಕೂಲಿ ಕೊಡಬೇಕಾಗುತ್ತದೆ.

ಇಂತಿ,
ವಿಜಯಪುರದ ಗೈಡುಗಳು, ಖಾನಾವಳಿಯವರು, ರೊಟ್ಟಿಯವರು